ಕಚೇರಿಗೆ ಬಂದ ಹೊಸ ಗುಮಾಸ್ತ: ಎಐ ಏಜೆಂಟ್‌ಗಳನ್ನು ಉದ್ಯಮಗಳು ಬಳಸುವುದು ಹೇಗೆ?

ಪ್ರತಿ ತಿಂಗಳ 14ನೇ ತಾರೀಖು ಬಂತೆಂದರೆ ಸಣ್ಣ ಕೈಗಾರಿಕೆಗಳ ಲೆಕ್ಕಪತ್ರ ವಿಭಾಗಗಳಲ್ಲಿ ದೀಪ ಆರುವುದು ತಡವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಸಿದ್ಧವಾಗುವ ದಿನವದು. ಸರಕು ಪೂರೈಸಿದವರು ಯಾವ ಯಾವ ಬಿಲ್‌ಗಳನ್ನು ಸರ್ಕಾರಕ್ಕೆ ತೋರಿಸಿದ್ದಾರೆ ಎಂಬ ವಿವರ ಅದರಲ್ಲಿರುತ್ತದೆ. ಮಾಸಿಕ ರಿಟರ್ನ್ ಸಲ್ಲಿಸುವವರು 20ನೇ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ನಡುವೆ ಉಳಿಯುವುದು ಆರೇ ದಿನ. ಆ ಆರು ದಿನಗಳಲ್ಲಿ ತಮ್ಮ ಖರೀದಿ ಪುಸ್ತಕವನ್ನೂ ಸರ್ಕಾರದ ಪಟ್ಟಿಯನ್ನೂ ಸಾಲು ಸಾಲಾಗಿ ತಾಳೆ ನೋಡಬೇಕು. 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಪಟ್ಟಿಯಲ್ಲಿ ಕಾಣದ ಬಿಲ್‌ಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯುವುದಿಲ್ಲ. ಅಂದರೆ ಪೂರೈಕೆದಾರನಿಗೆ ಈಗಾಗಲೇ ಕೊಟ್ಟ ತೆರಿಗೆಯನ್ನು ಮತ್ತೆ ಕೈಯಿಂದ ಕಟ್ಟಬೇಕಾಗುತ್ತದೆ.

ಈ ಬಗೆಯ ಕೆಲಸವನ್ನು ತಾನೇ ಮಾಡಿಕೊಡುವುದಾಗಿ ಇಂದು ಪ್ರತಿಯೊಂದು ತಂತ್ರಾಂಶ ಕಂಪೆನಿಯೂ ಹೇಳುತ್ತಿದೆ. ಅದಕ್ಕೆ ಕೊಟ್ಟಿರುವ ಹೆಸರು 'ಎಐ ಏಜೆಂಟ್'. ಪೀಣ್ಯದ ಬಿಡಿಭಾಗ ತಯಾರಕನಿಂದ ಹಿಡಿದು ಎಲೆಕ್ಟ್ರಾನಿಕ್ಸ್ ಸಿಟಿಯ ಸಾಫ್ಟ್‌ವೇರ್ ಸಂಸ್ಥೆಯವರೆಗೆ ಎಲ್ಲರ ಮುಂದೆಯೂ ಈ ಪ್ರಸ್ತಾಪವಿದೆ. ಇದನ್ನು ಒಪ್ಪಿಕೊಳ್ಳುವ ಮುನ್ನ ಏಜೆಂಟ್ ಎಂದರೇನು, ಅದು ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವುತ್ತದೆ, ಎಡವಿದಾಗ ಹೊಣೆ ಯಾರದು ಎಂಬುದನ್ನು ತಿಳಿಯುವುದು ಅಗತ್ಯ.

ಏಜೆಂಟ್ ಎಂದರೇನು?

ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ಚಾಟ್‌ಬಾಟ್. ಕೆಲಸ ಒಪ್ಪಿಸಿದರೆ ಅದನ್ನು ಮಾಡಲು ಬೇಕಾದ ಹೆಜ್ಜೆಗಳನ್ನು ತಾನೇ ಯೋಚಿಸಿ, ಬೇಕಾದ ಸಲಕರಣೆಗಳನ್ನು ಬಳಸಿ, ಫಲವನ್ನು ನೋಡಿ, ಮುಂದಿನ ಹೆಜ್ಜೆ ಇಡುವುದು ಏಜೆಂಟ್. 'ಈ ಪೂರೈಕೆದಾರನ ಬಿಲ್ ಏಕೆ ತಾಳೆಯಾಗುತ್ತಿಲ್ಲ?' ಎಂದು ಕೇಳಿದರೆ ಚಾಟ್‌ಬಾಟ್ ಸಾಮಾನ್ಯ ಕಾರಣಗಳನ್ನು ಪಟ್ಟಿಮಾಡುತ್ತದೆ. ಏಜೆಂಟ್ ಆದರೋ ಖರೀದಿ ಪುಸ್ತಕ ತೆರೆದು, ಮಿಂಚಂಚೆಯಲ್ಲಿ ಬಂದ ಮೂಲ ಬಿಲ್ ಹುಡುಕಿ, ಸರ್ಕಾರದ ಪಟ್ಟಿಯೊಂದಿಗೆ ಹೋಲಿಸಿ, 'ಬಿಲ್ ಸಂಖ್ಯೆಯಲ್ಲಿ ಒಂದು ಅಂಕಿ ಹಿಂದುಮುಂದಾಗಿದೆ' ಎಂದು ತಿಳಿಸಿ, ಪೂರೈಕೆದಾರನಿಗೆ ಬರೆಯಬೇಕಾದ ಪತ್ರದ ಕರಡನ್ನೂ ಸಿದ್ಧಪಡಿಸುತ್ತದೆ.

ಹಳೆಯ ಸ್ವಯಂಚಾಲಿತ ತಂತ್ರಾಂಶಕ್ಕೂ ಇದಕ್ಕೂ ವ್ಯತ್ಯಾಸವಿದೆ. ಬರೆದಿಟ್ಟ ನಿಯಮದಂತೆ ಮಾತ್ರ ನಡೆಯುವುದು ಹಳೆಯ ತಂತ್ರಾಂಶದ ಸ್ವಭಾವ. ಪರದೆಯ ಮೇಲಿನ ಗುಂಡಿ ಸ್ವಲ್ಪ ಜರುಗಿದರೂ ಅದು ನಿಂತುಬಿಡುತ್ತದೆ. ಏಜೆಂಟ್ ಸಂದರ್ಭಕ್ಕೆ ಹೊಂದಿಕೊಳ್ಳುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ. ನಿಯಮ ಪಾಲಿಸುವ ಯಂತ್ರ ಕೆಟ್ಟರೆ ನಿಲ್ಲುತ್ತದೆ. ಹೊಂದಿಕೊಳ್ಳುವ ಯಂತ್ರ ತಪ್ಪು ದಾರಿಯಲ್ಲಿಯೂ ಆತ್ಮವಿಶ್ವಾಸದಿಂದ ಮುಂದುವರಿಯುತ್ತದೆ.

ಬೆಳೆದು ಬಂದ ದಾರಿ

ಏಜೆಂಟ್ ಎಂಬ ಪರಿಕಲ್ಪನೆ ಹೊಸದಲ್ಲ. ಸ್ಟುವರ್ಟ್ ರಸೆಲ್ ಮತ್ತು ಪೀಟರ್ ನಾರ್ವಿಗ್ 1995ರಲ್ಲಿ ಪ್ರಕಟಿಸಿದ ಕೃತಕ ಬುದ್ಧಿಮತ್ತೆಯ ಪಠ್ಯಪುಸ್ತಕವೇ 'ಬುದ್ಧಿವಂತ ಏಜೆಂಟ್' ಎಂಬ ಕಲ್ಪನೆಯ ಸುತ್ತ ರಚಿತವಾಗಿತ್ತು. ಪರಿಸರವನ್ನು ಗ್ರಹಿಸಿ, ಗುರಿಗೆ ತಕ್ಕಂತೆ ಕ್ರಿಯೆ ನಡೆಸುವುದೇ ಏಜೆಂಟ್ ಎಂಬುದು ಅವರ ವಿವರಣೆ. ಆದರೆ ಮನುಷ್ಯರ ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ ಆಗಿನ ಗಣಕಗಳಿಗೆ ಇರಲಿಲ್ಲ.

2017ರಲ್ಲಿ ಗೂಗಲ್ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ರಚನೆಯನ್ನು ಮಂಡಿಸಿದರು. ಅದರ ತಳಹದಿಯ ಮೇಲೆ ಬೃಹತ್ ಭಾಷಾ ಮಾದರಿಗಳು ಬೆಳೆದವು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂತು. 2023ರ ಮಾರ್ಚ್‌ನಲ್ಲಿ ಆಟೊಜಿಪಿಟಿ ಎಂಬ ಮುಕ್ತ ತಂತ್ರಾಂಶ ಭಾಷಾ ಮಾದರಿಯನ್ನೇ ಸುತ್ತು ಸುತ್ತಾಗಿ ಕೆಲಸಕ್ಕೆ ಹಚ್ಚಿ ಕುತೂಹಲ ಕೆರಳಿಸಿತು. ಅದೇ ವರ್ಷ ಜೂನ್‌ನಲ್ಲಿ ಓಪನ್‌ಎಐ, ಹೊರಗಿನ ತಂತ್ರಾಂಶವನ್ನು ಕರೆದು ಬಳಸುವ ಸೌಲಭ್ಯವನ್ನು ತನ್ನ ಮಾದರಿಗಳಿಗೆ ನೀಡಿತು. 2024ರ ಅಕ್ಟೋಬರ್‌ನಲ್ಲಿ ಆಂಥ್ರಾಪಿಕ್, ಪರದೆಯನ್ನು ನೋಡಿ ಮೌಸ್ ಮತ್ತು ಕೀಲಿಮಣೆ ನಡೆಸುವ ಸಾಮರ್ಥ್ಯವನ್ನು ಪರೀಕ್ಷಾರ್ಥವಾಗಿ ಬಿಡುಗಡೆ ಮಾಡಿತು. ನವೆಂಬರ್‌ನಲ್ಲಿ ಅದೇ ಸಂಸ್ಥೆ, ಯಾವುದೇ ತಂತ್ರಾಂಶವನ್ನು ಏಜೆಂಟ್‌ಗೆ ಜೋಡಿಸಲು ಅನುಕೂಲವಾಗುವ ಎಂಸಿಪಿ ಎಂಬ ಮುಕ್ತ ಮಾನದಂಡವನ್ನು ಪ್ರಕಟಿಸಿತು. ಪ್ರತಿಸ್ಪರ್ಧಿ ಕಂಪೆನಿಗಳೂ ಅದನ್ನು ಸ್ವೀಕರಿಸಿದವು. 2025ರ ಡಿಸೆಂಬರ್‌ನಲ್ಲಿ ಅದರ ಹೊಣೆಯನ್ನು ಲಿನಕ್ಸ್ ಫೌಂಡೇಶನ್ ಆಶ್ರಯದ ಸಂಸ್ಥೆಯೊಂದಕ್ಕೆ ವಹಿಸಲಾಯಿತು.

ಕೆಲಸ ಮಾಡುವ ಬಗೆ

ಏಜೆಂಟ್‌ನಲ್ಲಿ ನಾಲ್ಕು ಭಾಗಗಳಿರುತ್ತವೆ.

* ಮಾದರಿ: ಓದುವ, ಯೋಚಿಸುವ, ಬರೆಯುವ ಕೆಲಸ ಭಾಷಾ ಮಾದರಿಯದು.

* ಸಲಕರಣೆ: ಲೆಕ್ಕಪತ್ರ ತಂತ್ರಾಂಶ, ಮಿಂಚಂಚೆ, ಕಡತಗಳ ಸಂಗ್ರಹ, ಅಂತರಜಾಲ ಶೋಧ ಇತ್ಯಾದಿ. ಇವುಗಳ ಮೂಲಕವೇ ಏಜೆಂಟ್ ಹೊರಜಗತ್ತನ್ನು ಮುಟ್ಟುತ್ತದೆ.

* ನೆನಪು: ಈವರೆಗೆ ಏನು ಮಾಡಿದೆ, ಫಲವೇನಾಯಿತು ಎಂಬ ಟಿಪ್ಪಣಿ. ಮಾದರಿಗೆ ತಾನಾಗಿ ನಿನ್ನೆಯ ನೆನಪಿರುವುದಿಲ್ಲ. ಅದನ್ನು ಬರೆದಿಟ್ಟು ಮತ್ತೆ ಓದಿಸಬೇಕು.

* ಅಧಿಕಾರ: ಏನನ್ನು ನೋಡಬಹುದು, ಏನನ್ನು ಬದಲಿಸಬಹುದು, ಯಾವುದಕ್ಕೆ ಮನುಷ್ಯರ ಒಪ್ಪಿಗೆ ಬೇಕು ಎಂಬ ಕಟ್ಟುಪಾಡು.

ಮೊದಲ ಮೂರನ್ನು ಮಾರಾಟಗಾರರು ಉತ್ಸಾಹದಿಂದ ವಿವರಿಸುತ್ತಾರೆ. ನಾಲ್ಕನೆಯದನ್ನು ತೀರ್ಮಾನಿಸಬೇಕಾದವರು ಉದ್ಯಮದ ಮಾಲೀಕರೇ. ಏಜೆಂಟ್ ಲಾಭ ತರುತ್ತದೆಯೋ ನಷ್ಟ ತರುತ್ತದೆಯೋ ಎಂಬುದು ಬಹುಪಾಲು ಈ ನಾಲ್ಕನೆಯದರ ಮೇಲೆಯೇ ನಿಂತಿದೆ.

ಎಲ್ಲೆಲ್ಲಿ ಉಪಯೋಗ?

ಏಜೆಂಟ್‌ಗೆ ಒಗ್ಗುವ ಕೆಲಸಗಳಿಗೆ ಕೆಲವು ಸಾಮಾನ್ಯ ಲಕ್ಷಣಗಳಿವೆ. ಕೆಲಸ ಮತ್ತೆ ಮತ್ತೆ ಬರಬೇಕು. ಪ್ರತಿ ಸಲವೂ ಸ್ವಲ್ಪ ಬೇರೆಯಾಗಿರಬೇಕು. ಫಲ ಸರಿಯೋ ತಪ್ಪೋ ಎಂಬುದನ್ನು ಬೇಗನೆ ಪರೀಕ್ಷಿಸಲು ಬರಬೇಕು. ತಪ್ಪಾದರೆ ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಿರಬೇಕು.

ಬಿಲ್‌ಗಳ ತಾಳೆ ಈ ನಾಲ್ಕೂ ಲಕ್ಷಣಗಳನ್ನು ಹೊಂದಿದೆ. ಬಾಕಿ ವಸೂಲಿಯೂ ಅಂಥದ್ದೇ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಸಬೇಕು. ಯಾರ ಬಾಕಿ ಎಷ್ಟು ದಿನ ದಾಟಿತು, ಹಿಂದೆ ಏನು ಪತ್ರ ಬರೆದಿದ್ದೆವು, ಅವರು ಏನು ಉತ್ತರಿಸಿದ್ದರು ಎಂಬುದನ್ನೆಲ್ಲ ಒಟ್ಟುಗೂಡಿಸಿ ಪ್ರತಿ ಸೋಮವಾರ ಬೆಳಿಗ್ಗೆ ನೆನಪೋಲೆಗಳ ಕರಡು ಮೇಜಿನ ಮೇಲಿಡುವುದು ಏಜೆಂಟ್‌ಗೆ ಸುಲಭ. ಕಳುಹಿಸುವ ಮುನ್ನ ಮಾಲೀಕರು ಓದಿ ಒಪ್ಪಿದರಾಯಿತು. ಹತ್ತು ವರ್ಷಗಳ ಗಿರಾಕಿಗೂ ನಿನ್ನೆ ಬಂದವನಿಗೂ ಒಂದೇ ಧಾಟಿಯ ಪತ್ರ ಹೋಗಬಾರದು ಎಂಬುದು ಮಾಲೀಕರಿಗೆ ಮಾತ್ರ ಗೊತ್ತಿರುವ ಸಂಗತಿ.

ಇನ್ನು ಗ್ರಾಹಕ ಸೇವೆ, ಟೆಂಡರ್ ಪ್ರಕಟಣೆಗಳನ್ನು ಗಮನಿಸಿ ತಮಗೆ ಹೊಂದುವುದನ್ನು ಆಯ್ದುಕೊಡುವುದು, ಹಲವು ಪೂರೈಕೆದಾರರ ದರಪಟ್ಟಿಗಳನ್ನು ಒಂದೇ ಕೋಷ್ಟಕಕ್ಕೆ ತರುವುದು, ಸಭೆಯ ನಡಾವಳಿ ಬರೆದು ಯಾರು ಏನು ಮಾಡಬೇಕೆಂದು ನೆನಪಿಸುವುದು, ತಂತ್ರಾಂಶ ಬರೆದು ಪರೀಕ್ಷಿಸುವುದು - ಇವೆಲ್ಲ ಈಗಾಗಲೇ ರೂಢಿಗೆ ಬಂದಿರುವ ಬಳಕೆಗಳು. ಇವುಗಳಲ್ಲಿ ತಂತ್ರಾಂಶ ರಚನೆ ಎಲ್ಲಕ್ಕಿಂತ ಮುಂದಿದೆ. ಬರೆದ ಕೋಡ್ ಓಡುತ್ತದೆಯೇ ಇಲ್ಲವೇ ಎಂಬುದನ್ನು ಯಂತ್ರವೇ ಪರೀಕ್ಷಿಸಬಲ್ಲದು ಎಂಬುದು ಇದಕ್ಕೊಂದು ಮುಖ್ಯ ಕಾರಣ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸೂತ್ರದಿಂದ ಆಗುವ ಕೆಲಸಕ್ಕೆ ಏಜೆಂಟ್ ಬೇಡ. ಸಂಖ್ಯೆ, ದಿನಾಂಕ, ಮೊತ್ತ ಮೂರೂ ಸರಿಯಾಗಿ ಹೊಂದುವ ಬಿಲ್‌ಗಳನ್ನು ಎಕ್ಸೆಲ್ ಅಥವಾ ಸಾಮಾನ್ಯ ಲೆಕ್ಕಪತ್ರ ತಂತ್ರಾಂಶವೇ ಕ್ಷಣದಲ್ಲಿ ಬೇರ್ಪಡಿಸುತ್ತದೆ. ಅದು ಎಂದೂ ತಪ್ಪುವುದಿಲ್ಲ, ಖರ್ಚೂ ಇಲ್ಲ. ಹೊಂದದೆ ಉಳಿದ ಬಿಲ್‌ಗಳಲ್ಲಿ 'ಏಕೆ ಹೊಂದಲಿಲ್ಲ' ಎಂದು ಹುಡುಕುವಲ್ಲಿ ಮಾತ್ರ ಏಜೆಂಟ್‌ನ ಉಪಯೋಗವಿದೆ.

ಉಳಿತಾಯದ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ತಿಂಗಳಿಗೆ 600 ಖರೀದಿ ಬಿಲ್‌ಗಳಿರುವ ಕಾರ್ಖಾನೆಯೊಂದರಲ್ಲಿ 420 ಬಿಲ್‌ಗಳು ಸೂತ್ರದಿಂದಲೇ ತಾಳೆಯಾದವು ಎಂದಿಟ್ಟುಕೊಳ್ಳೋಣ. ಉಳಿದ 180 ಬಿಲ್‌ಗಳಿಗೆ ತಲಾ 12 ನಿಮಿಷದಂತೆ ಗುಮಾಸ್ತರಿಗೆ 36 ಗಂಟೆ ಬೇಕು. ಏಜೆಂಟ್ ಪ್ರತಿ ಬಿಲ್‌ಗೂ ಕಾರಣ, ಆಧಾರ ಮತ್ತು ಪತ್ರದ ಕರಡನ್ನು ಸಿದ್ಧಪಡಿಸಿಕೊಟ್ಟು, ಅದನ್ನು ಪರಿಶೀಲಿಸಲು 4 ನಿಮಿಷ ಸಾಕಾದರೆ ಒಟ್ಟು 12 ಗಂಟೆ. ಉಳಿತಾಯ 24 ಗಂಟೆ.

ಆದರೆ ಏಜೆಂಟ್ ಹೇಳಿದ ಕಾರಣವನ್ನು ನಂಬಲಾಗದೆ ಪ್ರತಿ ಸಲವೂ ಮೂಲ ಬಿಲ್ ತೆರೆದು ಮೊದಲಿನಿಂದ ನೋಡಬೇಕಾದರೆ ತಲಾ 10 ನಿಮಿಷ ಬೇಕಾಗುತ್ತದೆ. ಆಗ ಒಟ್ಟು 30 ಗಂಟೆ. ಉಳಿತಾಯ ಬರೀ 6 ಗಂಟೆ. ಏಜೆಂಟ್‌ನ ಬಾಡಿಗೆ ಕಳೆದರೆ ಅದೂ ಉಳಿಯಲಿಕ್ಕಿಲ್ಲ. ಕೆಲಸ ಎಷ್ಟು ಬೇಗ ಆಯಿತು ಎಂಬುದಕ್ಕಿಂತ, ಆದ ಕೆಲಸವನ್ನು ಎಷ್ಟು ಬೇಗ ಪರಿಶೀಲಿಸಬಹುದು ಎಂಬುದೇ ಇಲ್ಲಿ ನಿರ್ಣಾಯಕ. ಆದ್ದರಿಂದ ಏಜೆಂಟ್ ತನ್ನ ಪ್ರತಿಯೊಂದು ಮಾತಿಗೂ ಆಧಾರವಾದ ಪುಟವನ್ನೋ ಸಾಲನ್ನೋ ಪಕ್ಕದಲ್ಲಿಯೇ ತೋರಿಸಬೇಕೆಂದು ಕೇಳುವುದು ಗ್ರಾಹಕನ ಹಕ್ಕು.

ಅಧ್ಯಯನಗಳು ಏನು ಹೇಳುತ್ತವೆ?

ಉತ್ಪಾದಕತೆ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಇದೆ. ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯನ್ನು ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಐ ಸಹಾಯಕ ದೊರೆತವರು ಗಂಟೆಗೆ ಬಗೆಹರಿಸಿದ ದೂರುಗಳ ಸಂಖ್ಯೆ ಸರಾಸರಿ ಶೇ. 14ರಷ್ಟು ಹೆಚ್ಚಿತು. ಹೊಸಬರಲ್ಲಿ ಈ ಹೆಚ್ಚಳ ಶೇ. 34ರಷ್ಟಿತ್ತು, ಪಳಗಿದವರಲ್ಲಿ ವ್ಯತ್ಯಾಸ ತೀರಾ ಅಲ್ಪ. ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಎಐ ಸಲಹೆ ನೀಡುತ್ತಿತ್ತು, ಉತ್ತರ ಕಳುಹಿಸುತ್ತಿದ್ದವರು ಮನುಷ್ಯರು.

ಇದಕ್ಕೆ ವ್ಯತಿರಿಕ್ತವಾದ ಫಲಿತಾಂಶವೂ ಉಂಟು. ಮೀಟರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 16 ಅನುಭವಿ ತಂತ್ರಾಂಶ ತಜ್ಞರಿಗೆ 246 ಕೆಲಸಗಳನ್ನು ಒಪ್ಪಿಸಿ ಪರೀಕ್ಷಿಸಿತು. 2025ರ ಜುಲೈನಲ್ಲಿ ಪ್ರಕಟವಾದ ವರದಿಯಂತೆ, ಎಐ ಬಳಸಿದಾಗ ಕೆಲಸಕ್ಕೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ವಿಚಿತ್ರವೆಂದರೆ, ಕೆಲಸ ಮುಗಿದ ಮೇಲೂ ಆ ತಜ್ಞರು ತಮ್ಮ ವೇಗ ಶೇ. 20ರಷ್ಟು ಹೆಚ್ಚಿದೆ ಎಂದೇ ನಂಬಿದ್ದರು. ಅದು 2025ರ ಆರಂಭದ ಉಪಕರಣಗಳನ್ನು ಕುರಿತ ಫಲಿತಾಂಶ. ಉಪಕರಣಗಳು ಆಮೇಲೆ ಸುಧಾರಿಸಿವೆ. ಆದರೂ ಪಾಠ ಮಾತ್ರ ಹಳೆಯದಾಗುವುದಿಲ್ಲ: ಬೇಗ ಆಯಿತು ಎಂಬ ಅನಿಸಿಕೆಯನ್ನು ನಂಬದೆ ಗಡಿಯಾರ ನೋಡಬೇಕು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಕಾಲ್ಪನಿಕ ಕಂಪೆನಿಯೊಂದನ್ನು ಗಣಕದಲ್ಲಿ ನಿರ್ಮಿಸಿ, ಕಚೇರಿಯ 175 ಕೆಲಸಗಳನ್ನು ಏಜೆಂಟ್‌ಗಳಿಗೆ ಕೊಟ್ಟು ನೋಡಿದರು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅತ್ಯುತ್ತಮ ಏಜೆಂಟ್ ಪೂರ್ತಿಯಾಗಿ ಮುಗಿಸಿದ್ದು ಶೇ. 24ರಷ್ಟು ಕೆಲಸಗಳನ್ನು ಮಾತ್ರ. ಬಳಿಕ ಬಂದ ಮಾದರಿಗಳು ಈ ಅಂಕಿಯನ್ನು ದಾಟಿವೆ.

ಹೆಜ್ಜೆ ಹೆಚ್ಚಿದಷ್ಟೂ ತಪ್ಪು

ಪ್ರತಿ ಹೆಜ್ಜೆಯೂ ಶೇ. 95ರಷ್ಟು ಸರಿಯಾಗಿದ್ದರೆ ಅದು ಒಳ್ಳೆಯ ಅಂಕವೇ. ಆದರೆ ಕೆಲಸಕ್ಕೆ 10 ಹೆಜ್ಜೆಗಳಿದ್ದು, ಒಂದು ತಪ್ಪಿದರೂ ಇಡೀ ಕೆಲಸ ಕೆಡುವುದಾದರೆ, ಎಲ್ಲವೂ ಸರಿಯಾಗುವ ಸಾಧ್ಯತೆ ಶೇ. 60ಕ್ಕೆ ಇಳಿಯುತ್ತದೆ. 20 ಹೆಜ್ಜೆಗಳಾದರೆ ಶೇ. 36 ಮಾತ್ರ. ಪ್ರತಿ ಹೆಜ್ಜೆ ಶೇ. 99ರಷ್ಟು ಸರಿಯಿದ್ದರೂ 20 ಹೆಜ್ಜೆಗಳ ಕೊನೆಗೆ ಉಳಿಯುವುದು ಶೇ. 82. ಐದು ಕೆಲಸಗಳಲ್ಲಿ ಒಂದು ಕೆಡುತ್ತದೆ ಎಂದರ್ಥ.

ಆದ್ದರಿಂದಲೇ ಉದ್ದನೆಯ ಕೆಲಸವನ್ನು ತುಂಡುಗಳಾಗಿ ಒಡೆದು, ನಡುನಡುವೆ ತಪಾಸಣಾ ಕಟ್ಟೆಗಳನ್ನು ಇಡಬೇಕು. ನಾಲ್ಕು ಹೆಜ್ಜೆಗೊಮ್ಮೆ ತಪ್ಪನ್ನು ಹಿಡಿದು ತಿದ್ದಿದರೆ ಅದು ಮುಂದಕ್ಕೆ ಹರಿಯುವುದಿಲ್ಲ. 'ಪೂರ್ಣ ಸ್ವಾಯತ್ತ' ಎಂಬ ಜಾಹೀರಾತಿನ ಮಾತಿಗಿಂತ 'ಸರಿಯಾದ ಕಡೆ ನಿಲ್ಲುವ' ಏಜೆಂಟ್ ಉದ್ಯಮಕ್ಕೆ ಹೆಚ್ಚು ಲಾಭದಾಯಕ.

ಎಡವಿದವರಿಂದ ಪಾಠ

ಏರ್ ಕೆನಡಾ ಸಂಸ್ಥೆಯ ಜಾಲತಾಣದ ಚಾಟ್‌ಬಾಟ್, ಬಂಧುವಿನ ಸಾವಿನ ಕಾರಣಕ್ಕೆ ಪ್ರಯಾಣಿಸುತ್ತಿದ್ದವರೊಬ್ಬರಿಗೆ ರಿಯಾಯಿತಿಯನ್ನು ಪ್ರಯಾಣದ ನಂತರವೂ ಕೋರಬಹುದು ಎಂದು ತಪ್ಪು ಮಾಹಿತಿ ನೀಡಿತ್ತು. ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂಬರ್ಥದ ವಾದವನ್ನು ಕಂಪೆನಿ ಮುಂದಿಟ್ಟಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನಾಗರಿಕ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಪರಿಹಾರ ನೀಡುವಂತೆ ಆದೇಶಿಸಿತು. ಪರಿಹಾರದ ಮೊತ್ತ ಸಣ್ಣದು, ತತ್ತ್ವ ದೊಡ್ಡದು. ಯಂತ್ರ ಆಡಿದ ಮಾತೂ ಕಂಪೆನಿಯ ಮಾತೇ.

ಸ್ವೀಡನ್ನಿನ ಹಣಕಾಸು ಸಂಸ್ಥೆ ಕ್ಲಾರ್ನಾ, ತನ್ನ ಎಐ ಸಹಾಯಕ ಒಂದೇ ತಿಂಗಳಲ್ಲಿ 23 ಲಕ್ಷ ಸಂಭಾಷಣೆಗಳನ್ನು ನಿಭಾಯಿಸಿದೆ, ಅದು 700 ಪೂರ್ಣಾವಧಿ ನೌಕರರ ಕೆಲಸಕ್ಕೆ ಸಮ ಎಂದು 2024ರ ಫೆಬ್ರುವರಿಯಲ್ಲಿ ಘೋಷಿಸಿತ್ತು. 2025ರ ಮೇ ತಿಂಗಳಲ್ಲಿ ಅದರ ಮುಖ್ಯಸ್ಥ ಸೆಬಾಸ್ಟಿಯನ್ ಸೀಮಿಯಾಟ್ಕೋವ್‌ಸ್ಕಿ, ವೆಚ್ಚ ಕಡಿತಕ್ಕೆ ಅತಿಯಾದ ಒತ್ತು ನೀಡಿದ್ದರಿಂದ ಸೇವೆಯ ಗುಣಮಟ್ಟ ಕುಸಿಯಿತೆಂದು ಒಪ್ಪಿಕೊಂಡರು. ಗ್ರಾಹಕರು ಬಯಸಿದಾಗ ಮನುಷ್ಯರೊಂದಿಗೆ ಮಾತನಾಡುವ ಅವಕಾಶವಿರಬೇಕೆಂದು ಸಂಸ್ಥೆ ಮತ್ತೆ ನೇಮಕಾತಿ ಆರಂಭಿಸಿತು. ಎಐ ಬಳಕೆಯನ್ನು ಕೈಬಿಡಲಿಲ್ಲ ಎಂಬುದೂ ಗಮನಾರ್ಹ.

2025ರ ಜುಲೈನಲ್ಲಿ ರೆಪ್ಲಿಟ್ ಸಂಸ್ಥೆಯ ಕೋಡಿಂಗ್ ಏಜೆಂಟ್, ಏನನ್ನೂ ಬದಲಿಸಬಾರದೆಂಬ ಸೂಚನೆ ಇದ್ದಾಗಲೂ ಉದ್ಯಮಿಯೊಬ್ಬರ ಚಾಲ್ತಿ ದತ್ತಸಂಚಯವನ್ನೇ ಅಳಿಸಿಹಾಕಿತು. ಮರಳಿ ಪಡೆಯಲು ಸಾಧ್ಯವಿಲ್ಲ ಎಂದೂ ತಪ್ಪಾಗಿ ಹೇಳಿತು. ಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿ, ಪ್ರಯೋಗದ ದತ್ತಾಂಶವನ್ನೂ ನೈಜ ದತ್ತಾಂಶವನ್ನೂ ಬೇರ್ಪಡಿಸುವ ವ್ಯವಸ್ಥೆ ಪ್ರಕಟಿಸಿದರು. 'ಮುಟ್ಟಬೇಡ' ಎಂದು ಹೇಳುವುದು ಬೇರೆ, ಮುಟ್ಟಲಾಗದಂತೆ ಬೀಗ ಹಾಕುವುದು ಬೇರೆ ಎಂಬುದನ್ನು ಈ ಪ್ರಕರಣ ತೋರಿಸಿತು.

ಆಂಥ್ರಾಪಿಕ್ ತನ್ನ ಕಚೇರಿಯಲ್ಲಿಯೇ ಪುಟ್ಟ ಅಂಗಡಿಯೊಂದನ್ನು ಸುಮಾರು ಒಂದು ತಿಂಗಳು ತನ್ನ ಮಾದರಿಯ ಕೈಗೆ ಕೊಟ್ಟು ನೋಡಿತ್ತು. 2025ರ ಜೂನ್‌ನಲ್ಲಿ ಅದು ಪ್ರಕಟಿಸಿದ ವರದಿ ಸ್ವಾರಸ್ಯಕರವಾಗಿದೆ. ಏಜೆಂಟ್ ಪೂರೈಕೆದಾರರನ್ನು ಚೆನ್ನಾಗಿ ಹುಡುಕಿತು. ಆದರೆ ಕೇಳಿದವರಿಗೆಲ್ಲ ರಿಯಾಯಿತಿ ಕೊಟ್ಟು, ಕೆಲವು ಸರಕನ್ನು ಅಸಲಿಗಿಂತ ಕಡಿಮೆಗೆ ಮಾರಿ, ಇಲ್ಲದ ಖಾತೆಗೆ ಹಣ ಹಾಕುವಂತೆ ಗಿರಾಕಿಗಳಿಗೆ ಹೇಳಿ ನಷ್ಟ ಮಾಡಿತು. ವ್ಯಾಪಾರದಲ್ಲಿ 'ಇಲ್ಲ' ಎನ್ನುವುದನ್ನು ಕಲಿಯುವುದೇ ಕಷ್ಟ ಎಂಬುದು ಯಾವ ಅಂಗಡಿಯವರಿಗೂ ಗೊತ್ತಿರುವ ಮಾತು.

ಅಳವಡಿಸುವ ಕ್ರಮ

ಏಜೆಂಟ್ ಬಳಸಲು ಮುಂದಾಗುವ ಉದ್ಯಮಗಳು ಅನುಸರಿಸಬಹುದಾದ ಕ್ರಮ ಇಂತಿದೆ:

1. ಒಂದೇ ಕೆಲಸವನ್ನು ಆರಿಸಿಕೊಳ್ಳಿ. ಇಡೀ ವಿಭಾಗವನ್ನಲ್ಲ, ವಾರಕ್ಕೆ ಹಲವು ಗಂಟೆ ನುಂಗುವ ಒಂದು ಕೆಲಸವನ್ನು.

2. ಈಗ ಆ ಕೆಲಸ ನಡೆಯುವ ವಿಧಾನವನ್ನು ಬರೆದಿಡಿ. ಅದನ್ನು ಮಾಡುತ್ತಿರುವ ನೌಕರರನ್ನೇ ಕೂರಿಸಿಕೊಂಡು ಬರೆಯಿರಿ. ಅವರ ತಲೆಯಲ್ಲಿರುವ ನಿಯಮಗಳು ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ.

3. ಮೊದಲೇ ಅಳೆದಿಡಿ. ಎಷ್ಟು ಗಂಟೆ ಬೇಕು, ಎಷ್ಟು ತಪ್ಪು ಆಗುತ್ತಿದೆ ಎಂಬ ಅಂಕಿ ಇಲ್ಲದಿದ್ದರೆ ಮುಂದೆ ಲಾಭವಾಯಿತೇ ಎಂದು ಹೇಳಲು ಬರುವುದಿಲ್ಲ.

4. ಹಳೆಯ ತಿಂಗಳ ಕೆಲಸ ಕೊಟ್ಟು ಪರೀಕ್ಷಿಸಿ. ಉತ್ತರ ಈಗಾಗಲೇ ಗೊತ್ತಿರುವುದರಿಂದ ಏಜೆಂಟ್ ಎಲ್ಲಿ ತಪ್ಪುತ್ತದೆ ಎಂಬುದು ತಿಳಿಯುತ್ತದೆ. ಇದನ್ನು ಮಾಡದೆ ಯಾವ ಒಪ್ಪಂದಕ್ಕೂ ಸಹಿ ಹಾಕಬಾರದು.

5. ಮೊದಲು ಓದುವ ಅಧಿಕಾರ ಮಾತ್ರ ಕೊಡಿ. ನಂತರ ಕರಡು ಬರೆಯುವ ಅಧಿಕಾರ. ಕಳುಹಿಸುವ, ಬದಲಿಸುವ ಅಧಿಕಾರ ಕೊನೆಗೆ. ಹಣ ಪಾವತಿ, ಕಡತ ಅಳಿಸುವಿಕೆ, ರಿಟರ್ನ್ ಸಲ್ಲಿಕೆ ಇವು ಮನುಷ್ಯರ ಒಪ್ಪಿಗೆಯಿಲ್ಲದೆ ನಡೆಯಲೇಬಾರದು.

6. ಏಜೆಂಟ್‌ಗೆ ಪ್ರತ್ಯೇಕ ಲಾಗಿನ್ ನೀಡಿ. ಮಾಲೀಕರ ಪಾಸ್‌ವರ್ಡ್ ಕೊಟ್ಟರೆ ಯಾವುದನ್ನು ಯಾರು ಮಾಡಿದರೆಂಬ ದಾಖಲೆಯೇ ಉಳಿಯುವುದಿಲ್ಲ.

7. ಪ್ರತಿ ಏಜೆಂಟ್‌ಗೂ ಒಬ್ಬ ಹೊಣೆಗಾರರಿರಲಿ. ಅವರು ವಾರಕ್ಕೊಮ್ಮೆ ದಾಖಲೆ ನೋಡಿ, ಕೆಲವು ಕೆಲಸಗಳನ್ನು ಆರಿಸಿ ಪೂರ್ತಿಯಾಗಿ ತಪಾಸಣೆ ಮಾಡಲಿ.

ಮಾರಾಟಗಾರರ ಮಾತನ್ನು ಒರೆಗೆ ಹಚ್ಚುವುದೂ ಅಗತ್ಯ. 2027ರ ಅಂತ್ಯದೊಳಗೆ ಶೇ. 40ಕ್ಕೂ ಹೆಚ್ಚು ಏಜೆಂಟ್ ಯೋಜನೆಗಳು ರದ್ದಾಗಲಿವೆ ಎಂದು ಗಾರ್ಟ್ನರ್ ಸಂಸ್ಥೆ 2025ರ ಜೂನ್‌ನಲ್ಲಿ ಅಂದಾಜಿಸಿತ್ತು. ಹಳೆಯ ಚಾಟ್‌ಬಾಟ್‌ಗಳಿಗೇ ಹೊಸ ಹೆಸರಿಟ್ಟು ಮಾರುವ ಪರಿಪಾಠವಿದೆಯೆಂದೂ ಅದು ಎಚ್ಚರಿಸಿತ್ತು.

ವೆಚ್ಚ ಮತ್ತು ಕನ್ನಡ

ಭಾಷಾ ಮಾದರಿಗಳ ಬಾಡಿಗೆಯನ್ನು ಸಾಮಾನ್ಯವಾಗಿ ಟೋಕನ್ ಲೆಕ್ಕದಲ್ಲಿ ವಿಧಿಸಲಾಗುತ್ತದೆ. ಟೋಕನ್ ಎಂದರೆ ಪದದ ತುಣುಕು. ಚಾಟ್‌ಬಾಟ್ ಒಂದು ಪ್ರಶ್ನೆಗೆ ಒಮ್ಮೆ ಉತ್ತರಿಸಿದರೆ, ಏಜೆಂಟ್ ಒಂದೇ ಕೆಲಸಕ್ಕೆ ಹತ್ತಾರು ಸಲ ಮಾದರಿಯನ್ನು ಕರೆಯುತ್ತದೆ. ಪ್ರತಿ ಸಲವೂ ಹಿಂದಿನದನ್ನೆಲ್ಲ ಮತ್ತೆ ಓದಿಸುತ್ತದೆ. ಹೀಗಾಗಿ ಬಿಲ್ ನಿರೀಕ್ಷೆಗಿಂತ ವೇಗವಾಗಿ ಏರಬಹುದು. ದಿನದ ಖರ್ಚಿಗೆ ಮಿತಿ ಹಾಕುವ ಸೌಲಭ್ಯವನ್ನು ಮೊದಲ ದಿನವೇ ಬಳಸಬೇಕು.

ಅನೇಕ ಮಾದರಿಗಳಲ್ಲಿ ಕನ್ನಡ ವಾಕ್ಯ ಅದೇ ಅರ್ಥದ ಇಂಗ್ಲಿಷ್ ವಾಕ್ಯಕ್ಕಿಂತ ಹೆಚ್ಚು ಟೋಕನ್‌ಗಳನ್ನು ನುಂಗುತ್ತದೆ. ಕನ್ನಡದಲ್ಲಿ ಗ್ರಾಹಕರೊಂದಿಗೆ ವ್ಯವಹರಿಸುವವರು ವೆಚ್ಚ ಮತ್ತು ಗುಣಮಟ್ಟ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಕಲಬುರಗಿಯ ಗಿರಾಕಿಯ ಮಾತು, ಮಂಗಳೂರಿನ ಗಿರಾಕಿಯ ಮಾತು ಒಂದೇ ಬಗೆಯದಲ್ಲ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಬೆಂಗಳೂರಿನ ಸರ್ವಂ ಎಐ ಮುಂತಾದ ಸಂಸ್ಥೆಗಳು ಕೆಲಸ ಮಾಡುತ್ತಿರುವುದು ಆಶಾದಾಯಕ.

ಸುರಕ್ಷತೆ, ಕಾನೂನು

ಏಜೆಂಟ್ ಓದುವ ಬರಹದೊಳಗೇ ಆಜ್ಞೆಯನ್ನು ಬಚ್ಚಿಟ್ಟು ಅದನ್ನು ದಾರಿ ತಪ್ಪಿಸುವ ವಂಚನೆಗೆ ತಜ್ಞರು 2022ರಿಂದ 'ಪ್ರಾಂಪ್ಟ್ ಇಂಜೆಕ್ಷನ್' ಎನ್ನುತ್ತಿದ್ದಾರೆ. ಪೂರೈಕೆದಾರನ ಹೆಸರಿನಲ್ಲಿ ಬಂದ ಬಿಲ್‌ನಲ್ಲಿ, ಕಣ್ಣಿಗೆ ಕಾಣದ ಬಿಳಿ ಅಕ್ಷರಗಳಲ್ಲಿ 'ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣವನ್ನು ಈ ಖಾತೆಗೆ ಹಾಕು' ಎಂದು ಬರೆದಿದ್ದರೆ ಮನುಷ್ಯರಿಗೆ ಅದು ಕಾಣುವುದಿಲ್ಲ, ಏಜೆಂಟ್‌ಗೆ ಕಾಣುತ್ತದೆ. ಇದಕ್ಕೆ ಪೂರ್ಣ ಪರಿಹಾರ ಇನ್ನೂ ದೊರೆತಿಲ್ಲ. ಖಾಸಗಿ ದತ್ತಾಂಶ ನೋಡುವ ಅವಕಾಶ, ಹೊರಗಿನವರ ಬರಹ ಓದುವ ಅವಕಾಶ, ಹೊರಗೆ ಕಳುಹಿಸುವ ಅವಕಾಶ - ಈ ಮೂರೂ ಒಂದೇ ಏಜೆಂಟ್ ಬಳಿ ಸೇರುವುದು ಮಾರಕ ಎಂದು ತಂತ್ರಾಂಶ ತಜ್ಞ ಸೈಮನ್ ವಿಲಿಸನ್ 2025ರಲ್ಲಿ ಎಚ್ಚರಿಸಿದ್ದಾರೆ. ಮೂರರಲ್ಲಿ ಒಂದನ್ನಾದರೂ ಕಿತ್ತುಕೊಳ್ಳುವುದೇ ಸದ್ಯದ ಕ್ಷೇಮಕರ ದಾರಿ.

ಗ್ರಾಹಕರ ಮತ್ತು ನೌಕರರ ವೈಯಕ್ತಿಕ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದ್ದು, ಅವು ಹಂತ ಹಂತವಾಗಿ ಜಾರಿಗೆ ಬರುವಂಥವು. ಮಾಹಿತಿಯನ್ನು ಸಂಸ್ಕರಿಸಲು ಬೇರೆ ಕಂಪೆನಿಗೆ ಕೊಟ್ಟಿದ್ದರೂ, ಸಂಗ್ರಹಿಸಿದ ಉದ್ಯಮವೇ ಹೊಣೆ. ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ತಮ್ಮ ದತ್ತಾಂಶ ಎಲ್ಲಿ ಶೇಖರವಾಗುತ್ತದೆ, ಎಷ್ಟು ದಿನ ಉಳಿಯುತ್ತದೆ, ಮಾದರಿಯ ತರಬೇತಿಗೆ ಬಳಕೆಯಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು.

ನೌಕರರ ಗತಿಯೇನು?

ಬೆಂಗಳೂರಿನಂತಹ ಸೇವಾ ಉದ್ಯಮದ ನಗರಕ್ಕೆ ಇದು ಮನೆಮನೆಯ ಪ್ರಶ್ನೆ. ಬಿಲ್ ತಾಳೆ, ಗ್ರಾಹಕರ ಕರೆ, ತಂತ್ರಾಂಶ ಪರೀಕ್ಷೆ - ಏಜೆಂಟ್‌ಗಳು ಮೊದಲು ಕೈಹಾಕುವ ಕೆಲಸಗಳು ಇವೇ. ಪದವಿ ಮುಗಿಸಿದ ಯುವಕ ಯುವತಿಯರು ಮೊದಲು ಸೇರುವ ಕೆಲಸಗಳೂ ಇವೇ.

ಇಲ್ಲಿ ಉದ್ಯಮಗಳು ತಮ್ಮ ಹಿತಕ್ಕಾಗಿಯೇ ಯೋಚಿಸಬೇಕಾದ ಒಂದು ಸಂಗತಿಯಿದೆ. ಮೂರು ವರ್ಷ ಬಿಲ್‌ಗಳನ್ನು ತಾಳೆ ನೋಡಿದವರಿಗೇ ಯಾವ ಪೂರೈಕೆದಾರ ಸದಾ ತಡಮಾಡುತ್ತಾನೆ, ಯಾವ ಅಂಕಿ ಅನುಮಾನಾಸ್ಪದ ಎಂಬುದು ಒಂದೇ ನೋಟಕ್ಕೆ ತಿಳಿಯುವುದು. ಏಜೆಂಟ್‌ನ ತಪ್ಪನ್ನು ಹಿಡಿಯಬಲ್ಲವರೂ ಅವರೇ. ಕೆಳಗಿನ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರೆ, ಐದು ವರ್ಷಗಳ ನಂತರ ತಪಾಸಣೆ ಮಾಡಲು ಬಲ್ಲವರೇ ಉಳಿಯುವುದಿಲ್ಲ. ಹಿರಿಯ ಲೆಕ್ಕಾಧಿಕಾರಿಗಳು ಅಂಗಡಿಯಲ್ಲಿ ಸಿಗುವ ಸರಕಲ್ಲ. ಕಿರಿಯರಾಗಿ ದುಡಿದೇ ಅವರು ಹಿರಿಯರಾಗುವುದು.

ಉಳಿದ ಗಂಟೆಗಳನ್ನು ಏನು ಮಾಡುವುದು ಎಂಬ ತೀರ್ಮಾನ ಯಂತ್ರದ್ದಲ್ಲ. ಮೇಲಿನ ಉದಾಹರಣೆಯ ಕಾರ್ಖಾನೆ ಉಳಿಸಿದ 24 ಗಂಟೆಗಳಲ್ಲಿ ಒಬ್ಬರನ್ನು ಮನೆಗೆ ಕಳುಹಿಸಬಹುದು. ಅಥವಾ ಅದೇ ಗುಮಾಸ್ತರನ್ನು ಇದುವರೆಗೆ ಯಾರಿಗೂ ಪುರಸೊತ್ತಿಲ್ಲದ ಕೆಲಸಕ್ಕೆ ಹಚ್ಚಬಹುದು: ಬಾಕಿ ಉಳಿಸಿಕೊಂಡ ಗಿರಾಕಿಗಳೊಂದಿಗೆ ಮಾತುಕತೆ, ಕಚ್ಚಾವಸ್ತುವಿನ ದರ ಪರಿಶೀಲನೆ, ಹೊಸಬರಿಗೆ ತರಬೇತಿ. ಮೊದಲನೆಯದು ಒಂದು ಸಂಬಳ ಉಳಿಸುತ್ತದೆ. ಎರಡನೆಯದು ಉದ್ಯಮವನ್ನು ಬೆಳೆಸಬಹುದು.

ಒಟ್ಟಿನಲ್ಲಿ ಏಜೆಂಟ್ ಎಂಬುದು ಚುರುಕಾದ, ದಣಿವರಿಯದ, ಆದರೆ ಊರಿಗೆ ಹೊಸಬನಾದ ಗುಮಾಸ್ತನಂತೆ. ಅಂಥವನಿಗೆ ಮೊದಲ ದಿನವೇ ತಿಜೋರಿಯ ಕೀಲಿಕೈ ಕೊಡುವ ಯಜಮಾನ ಯಾರೂ ಇಲ್ಲ. ಒಂದು ಮೇಜು, ಒಂದು ಕೆಲಸ, ಮೇಲೊಬ್ಬ ಹಿರಿಯರ ಕಣ್ಣು - ಹೀಗೆ ಆರಂಭಿಸಿ, ನಂಬಿಕೆ ಬೆಳೆದಂತೆ ಹೊಣೆ ಹೆಚ್ಚಿಸುವುದು ನಮ್ಮ ಅಂಗಡಿ, ಕಚೇರಿಗಳಿಗೆ ತಲೆಮಾರುಗಳಿಂದ ಗೊತ್ತಿರುವ ಕ್ರಮ. ಈ ಹೊಸಬನ ವಿಷಯದಲ್ಲಿಯೂ ಅದನ್ನು ಮರೆಯಬೇಕಾದ ಕಾರಣವಿಲ್ಲ. 20ನೇ ತಾರೀಖಿನ ರಿಟರ್ನ್‌ಗೆ ಸಹಿ ಹಾಕುವುದು ಏಜೆಂಟ್ ಅಲ್ಲ, ಉದ್ಯಮದ ಹೊಣೆ ಹೊತ್ತ ಮನುಷ್ಯರೇ.